ಇಲ್ಲಿದ್ದೀನಿ ಅಂದ್ರೆ ಕಾಫಿ ಅಗ್ಗ: ಚೆಕ್-ಇನ್ ಆಪ್‌ಗಳ ಲೆಕ್ಕಾಚಾರ

ಕಾಲೇಜು ಗೇಟಿನ ಎದುರಿಗಿರೋ ಯಾವುದಾದರೂ ದರ್ಶಿನಿಗೆ ಎರಡು ವಾರ ಒಂದೇ ಹೊತ್ತಿಗೆ ಹೋಗಿ, ಒಂದೇ ತಿಂಡಿ ತಗೊಳ್ಳಿ. ಹದಿನೈದನೇ ದಿನ ಗಲ್ಲಾದಲ್ಲಿ ಕೂತ ಅಣ್ಣ "ಮಾಮೂಲಾ?" ಅಂತ ಕೇಳಿ ಟೋಕನ್ ಕೊಟ್ಟುಬಿಡ್ತಾರೆ. ಚಿಲ್ಲರೆ ಇಲ್ಲದಿದ್ದರೆ "ನಾಳೆ ಕೊಡಿ ಬಿಡಿ" ಅಂತಾರೆ. ಯಾರು ಬಂದ್ರು, ಎಷ್ಟು ಸಲ ಬಂದ್ರು, ಏನು ತಿಂತಾರೆ, ಎರಡು ದಿನ ಕಾಣದೇ ಇದ್ದರೆ ಊರಿಗೆ ಹೋಗಿರಬಹುದಾ, ಪಕ್ಕದ ಹೋಟೆಲಿಗೆ ಹೋಗ್ತಿದ್ದಾರಾ, ಇಷ್ಟೂ ಅವರ ತಲೆಯಲ್ಲಿ ಇರುತ್ತೆ. ಖಾಯಂ ಗಿರಾಕಿಯನ್ನು ಉಳಿಸಿಕೊಳ್ಳೋ ವಿದ್ಯೆ ಅಂದ್ರೆ ಇದೇ.

ಈಗ ಅದೇ ಅಂಗಡಿ ಒಂದಲ್ಲ, ಹತ್ತು ಸಾವಿರ ಇದೆ ಅಂದುಕೊಳ್ಳಿ. ಕೌಂಟರಿನ ಹುಡುಗ ಮೂರು ತಿಂಗಳಿಗೊಮ್ಮೆ ಬದಲಾಗ್ತಾನೆ. ಮಾಲೀಕರು ಇನ್ಯಾವುದೋ ಊರಿನ ಇಪ್ಪತ್ತನೇ ಮಹಡಿಯಲ್ಲಿ ಕೂತಿರ್ತಾರೆ. ಅವರಿಗೆ ಯಾವ ಅಂಗಡಿಯಲ್ಲಿ ಎಷ್ಟು ಕಾಫಿ ಹೋಯ್ತು ಅಂತ ಗೊತ್ತಾಗುತ್ತೆ, ಯಾರು ಕುಡಿದರು ಅಂತ ಗೊತ್ತಾಗಲ್ಲ. ನೂರು ಕಾಫಿ ನೂರು ಜನ ಒಂದೊಂದು ಸಲ ಕುಡಿದದ್ದಾ, ಇಪ್ಪತ್ತು ಜನ ಐದೈದು ಸಲ ಕುಡಿದದ್ದಾ? ಎರಡಕ್ಕೂ ಬಿಲ್ಲು ಒಂದೇ, ವ್ಯಾಪಾರದ ಆರೋಗ್ಯ ಮಾತ್ರ ಬೇರೆ. ಈ ಪ್ರಶ್ನೆಗೆ ಮೊಬೈಲ್ ಕಾಲದಲ್ಲಿ ಸಿಕ್ಕ ಒಂದು ಉತ್ತರ ಚೆಕ್-ಇನ್ ಆಪ್. ಗಿರಾಕಿಯೇ ಫೋನ್ ತೆಗೆದು "ನಾನು ಇಲ್ಲಿದ್ದೀನಿ" ಅಂತ ಒಂದು ಗುಂಡಿ ಒತ್ತೋದು, ಅದಕ್ಕೆ ಪ್ರತಿಯಾಗಿ ಅಂಗಡಿಯವರು ಏನಾದರೂ ಕೊಡೋದು. ಈ ಗುಂಡಿ ಹೇಗೆ ಹುಟ್ಟಿತು, ಅದರ ಹಿಂದಿನ ಲೆಕ್ಕ ಏನು, ಆಮೇಲೆ ಅದು ಎಲ್ಲಿಗೆ ಹೋಯ್ತು ಅನ್ನೋದನ್ನ ಈ ಸಲ ನೋಡೋಣ. ಫೋರ್‌ಸ್ಕ್ವೇರ್ ಅನ್ನೋ ಆಪನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ, ಯಾಕಂದ್ರೆ ಈ ಆಟದ ಹೆಚ್ಚಿನ ನಿಯಮಗಳನ್ನು ಬರೆದದ್ದು ಅದೇ.

ಪ್ರಾಜೆಕ್ಟ್ ವರ್ಕಿನಿಂದ ಮೇಯರ್ ಪಟ್ಟದವರೆಗೆ

ನಮ್ಮಂಥ ವಿದ್ಯಾರ್ಥಿಗಳಿಗೆ ಖುಷಿಯಾಗೋ ಸಂಗತಿ ಅಂದ್ರೆ ಇದರ ಬೇರು ಇರೋದು ಒಂದು ಕಾಲೇಜು ಪ್ರಾಜೆಕ್ಟಿನಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೆನಿಸ್ ಕ್ರೌಲಿ ಮತ್ತು ಅಲೆಕ್ಸ್ ರೈನರ್ಟ್ ಡಾಡ್ಜ್‌ಬಾಲ್ ಅನ್ನೋ ಸೇವೆ ಕಟ್ಟಿದ್ದರು. ಆಗ ಸ್ಮಾರ್ಟ್‌ಫೋನ್ ಇಲ್ಲ, ಜಿಪಿಎಸ್ ಇರೋ ಫೋನ್ ಸಾಮಾನ್ಯರ ಕೈಯಲ್ಲಿಲ್ಲ. ಹಾಗಾಗಿ ನೀವು ಯಾವ ಜಾಗದಲ್ಲಿದ್ದೀರಿ ಅಂತ ಎಸ್ಸೆಮ್ಮೆಸ್ ಕಳಿಸಬೇಕಿತ್ತು, ಹತ್ತಿರದಲ್ಲಿರೋ ಗೆಳೆಯರಿಗೆ ಅದು ತಲುಪುತ್ತಿತ್ತು. 2005ರಲ್ಲಿ ಗೂಗಲ್ ಇದನ್ನು ಕೊಂಡುಕೊಂಡಿತು. ಕೊಂಡಮೇಲೆ ಹೆಚ್ಚೇನೂ ಬೆಳೆಸಲಿಲ್ಲ, ಕ್ರೌಲಿ 2007ರಲ್ಲಿ ಹೊರಬಂದರು, 2009ರಲ್ಲಿ ಗೂಗಲ್ ಅದನ್ನು ಮುಚ್ಚೇಬಿಟ್ಟಿತು. ಅದೇ 2009ರ ಮಾರ್ಚಿನಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಕ್ರೌಲಿ, ನವೀನ್ ಸೆಲ್ವದುರೈ ಜೊತೆ ಸೇರಿ ಫೋರ್‌ಸ್ಕ್ವೇರನ್ನು ಬಿಡುಗಡೆ ಮಾಡಿದರು. ಈ ಸಲ ಜನರ ಕೈಯಲ್ಲಿ ಐಫೋನ್ ಇತ್ತು.

ಡಾಡ್ಜ್‌ಬಾಲಿಗೆ ಇಲ್ಲದ ಒಂದು ಮಸಾಲೆ ಇದರಲ್ಲಿತ್ತು: ಆಟ. ಚೆಕ್-ಇನ್ ಮಾಡಿದರೆ ಅಂಕ, ಕೆಲವು ಸಾಧನೆಗೆ ಬ್ಯಾಡ್ಜ್. ಎಲ್ಲಕ್ಕಿಂತ ದೊಡ್ಡದು ಮೇಯರ್ ಪಟ್ಟ. ಕಳೆದ 60 ದಿನಗಳಲ್ಲಿ ಒಂದು ಜಾಗಕ್ಕೆ ಅತಿ ಹೆಚ್ಚು ದಿನ ಬಂದು ಚೆಕ್-ಇನ್ ಮಾಡಿದವರೇ ಆ ಜಾಗದ ಮೇಯರ್. ದಿನಕ್ಕೆ ಹತ್ತು ಸಲ ಒತ್ತಿದರೂ ಲೆಕ್ಕಕ್ಕೆ ಬರೋದು ಒಂದೇ. ಈ 60 ದಿನದ ಕಿಟಕಿ ಬಹಳ ಜಾಣತನದ್ದು. ಹಳಬರು ಒಂದು ಸಲ ಗೆದ್ದು ಕೂತುಬಿಡೋ ಹಾಗಿಲ್ಲ, ಬರೋದು ನಿಲ್ಲಿಸಿದರೆ ಕಿರೀಟ ತಾನಾಗೇ ಜಾರುತ್ತೆ. ಹೊಸಬರಿಗೂ ಆಸೆ ಉಳಿಯುತ್ತೆ. ಅಂಗಡಿಯವರಿಗಂತೂ ಇದು ಬಿಟ್ಟಿ ಜಾಹೀರಾತು: ಇಬ್ಬರು ಗಿರಾಕಿಗಳು ಅವರ ಅಂಗಡಿಯ ಮೇಯರಾಗೋಕೆ ಪೈಪೋಟಿ ಮಾಡ್ತಿದ್ದಾರೆ, ಪ್ರತಿಸಲವೂ ಕಾಫಿ ಕೊಂಡು!

2010ರ ಮೇ ತಿಂಗಳಲ್ಲಿ ಸ್ಟಾರ್‌ಬಕ್ಸ್ ಇದನ್ನು ಅಮೆರಿಕದಾದ್ಯಂತ ಪರೀಕ್ಷಿಸಿತು. ನೀವು ಯಾವುದಾದರೂ ಸ್ಟಾರ್‌ಬಕ್ಸ್ ಅಂಗಡಿಯ ಮೇಯರ್ ಆಗಿದ್ದರೆ ಫ್ರಾಪುಚಿನೋ ಪಾನೀಯದ ಮೇಲೆ ಒಂದು ಡಾಲರ್ ರಿಯಾಯಿತಿ. ಸುದ್ದಿ ದೊಡ್ಡದಾಯ್ತು. ಆದರೆ ಸ್ವಲ್ಪ ಯೋಚಿಸಿ. ಒಂದು ಅಂಗಡಿಗೆ ಒಬ್ಬರೇ ಮೇಯರ್. ದಿನಾ ಬರೋ ಉಳಿದ ನೂರಾರು ಜನಕ್ಕೆ ಏನೂ ಇಲ್ಲ. ಆ ಒಬ್ಬರಿಗಾದರೂ ಸಿಕ್ಕಿದ್ದೇನು, 60 ದಿನದ ನಿಷ್ಠೆಗೆ ಒಂದು ಡಾಲರ್! ಕೆಲವು ಕಡೆ ಅಲ್ಲೇ ಕೆಲಸ ಮಾಡೋವರೇ ಮೇಯರ್ ಆಗಿಬಿಡ್ತಿದ್ದರು. ದಿನಾ ಬರೋದು ಅವರೇ ತಾನೇ? ಜಾಹೀರಾತಾಗಿ ಇದು ಚೆನ್ನಾಗಿತ್ತು, ಗಿರಾಕಿಗೆ ಕೊಡೋ ಬಹುಮಾನವಾಗಿ ಜೊಳ್ಳು ಅನ್ನೋದು ನಮ್ಮ ಅಭಿಪ್ರಾಯ.

ಬಹುಮಾನದ ಏಳು ಬಗೆ

ಮೇಯರ್ ಒಬ್ಬರಿಗೇ ಕೊಟ್ಟರೆ ಸಾಲದು ಅಂತ ಫೋರ್‌ಸ್ಕ್ವೇರಿಗೂ ಗೊತ್ತಾಯ್ತು. 2011ರ ಹೊತ್ತಿಗೆ ಅಂಗಡಿಯವರು ಏಳು ಬಗೆಯ 'ಸ್ಪೆಷಲ್'ಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಮೊದಲ ಸಲ ಬಂದವರಿಗೆ ಒಂದು. ಪ್ರತಿ ಚೆಕ್-ಇನ್ನಿಗೂ ಸಿಗೋದು ಇನ್ನೊಂದು. ಇಷ್ಟನೇ ಸಲ ಬಂದರೆ ಅಂತ ಖಾಯಂ ಗಿರಾಕಿಗೆ ಇನ್ನೊಂದು. ಮೇಯರಿಗೆ ಇದ್ದೇ ಇತ್ತು. ಇಷ್ಟು ಜನ ಗೆಳೆಯರು ಒಟ್ಟಿಗೆ ಬಂದರೆ, ಒಂದೇ ಹೊತ್ತಿಗೆ ಇಷ್ಟು ಜನ ಜಮಾಯಿಸಿದರೆ, ಇಷ್ಟು ಗಂಟೆಯೊಳಗೆ ಬಂದ ಮೊದಲ ಇಷ್ಟು ಜನಕ್ಕೆ ಅಂತ ಉಳಿದ ಮೂರು.

ಪಟ್ಟಿ ನೋಡಿದರೆ ಬರೀ ಆಫರ್ ಅನಿಸುತ್ತೆ, ಆದರೆ ಒಂದೊಂದೂ ಅಂಗಡಿಯ ಒಂದೊಂದು ಕಾಯಿಲೆಗೆ ಮದ್ದು. ಹೊಸಬರು ಬರ್ತಿಲ್ಲ ಅನ್ನೋದು ಒಂದು ಕಾಯಿಲೆ. ಬಂದವರು ಮತ್ತೆ ಬರ್ತಿಲ್ಲ ಅನ್ನೋದು ಬೇರೆಯೇ ಕಾಯಿಲೆ. ಮಧ್ಯಾಹ್ನ ಮೂರರಿಂದ ಐದು ಮೇಜು ಖಾಲಿ ಅನ್ನೋದು ಮೂರನೆಯದು. ಯಾವ ಕಾಯಿಲೆ ಅಂತ ಗೊತ್ತಾಗಬೇಕಾದರೆ ಪರೀಕ್ಷೆ ಮಾಡಿಸಬೇಕಲ್ಲ, ಅದಕ್ಕೂ ಒಂದು ವ್ಯವಸ್ಥೆ ಇತ್ತು. 2010ರಿಂದಲೇ ಅಂಗಡಿಯವರಿಗೆ ಪುಕ್ಕಟೆಯಾಗಿ ಒಂದು ಲೆಕ್ಕದ ಪುಟ ಸಿಗ್ತಿತ್ತು: ಇತ್ತೀಚೆಗೆ ಯಾರು ಬಂದರು, ಅತಿ ಹೆಚ್ಚು ಬರೋವರು ಯಾರು, ಯಾವ ಹೊತ್ತಿಗೆ ಎಷ್ಟು ಜನ. ಅಂದ್ರೆ ಗಲ್ಲಾದ ಅಣ್ಣನ ತಲೆಯಲ್ಲಿದ್ದದ್ದು ಈಗ ಸ್ಕ್ರೀನಿನ ಮೇಲೆ.

ಇಲ್ಲಿ ಒಂದು ಲೆಕ್ಕ ಮಾಡೋಣ. ಸೆಮಿಸ್ಟರ್ ಪರೀಕ್ಷೆಯಷ್ಟು ಕಷ್ಟದ್ದಲ್ಲ. ಒಂದು ಮಸಾಲೆ ದೋಸೆಗೆ 60 ರೂಪಾಯಿ, ಹಿಟ್ಟು, ಎಣ್ಣೆ, ಪಲ್ಯ, ಗ್ಯಾಸ್ ಎಲ್ಲ ಸೇರಿ ಅಸಲು 25 ರೂಪಾಯಿ ಅಂತ ಇಟ್ಟುಕೊಳ್ಳಿ (ಸಂಖ್ಯೆಗಳು ನಮ್ಮ ಊಹೆ, ಯಾವ ಹೋಟೆಲಿನದೂ ಅಲ್ಲ). ಒಂದು ದೋಸೆಗೆ ಉಳಿಯೋದು 35. ಈಗ ತಿಂಗಳಲ್ಲಿ ಐದು ದೋಸೆ ತಿಂದವರಿಗೆ ಆರನೆಯದು ಉಚಿತ ಅಂತ ಬೋರ್ಡ್ ಹಾಕಿದರು.

ರಮೇಶ ಹೇಗಿದ್ದರೂ ತಿಂಗಳಿಗೆ ಆರು ದೋಸೆ ತಿನ್ನೋ ಗಿರಾಕಿ. ಮೊದಲು ಅವನಿಂದ ಉಳೀತಿದ್ದದ್ದು ಆರು ಗುಣಿಸು 35, ಅಂದ್ರೆ 210. ಈಗ ಐದಕ್ಕೆ 175 ಉಳಿದು, ಆರನೆಯದರ ಅಸಲು 25 ಕಳೆದು, ಕೈಗೆ ಬರೋದು 150. ಹೋಟೆಲಿಗೆ 60 ರೂಪಾಯಿ ನಷ್ಟ. ಸುರೇಶ ಮೊದಲು ತಿಂಗಳಿಗೆ ನಾಲ್ಕೇ ತಿಂತಿದ್ದ, ಉಳೀತಿದ್ದದ್ದು 140. ಉಚಿತದ ಆಸೆಗೆ ಐದಕ್ಕೆ ದುಡ್ಡು ಕೊಟ್ಟ, ಆರನೆಯದು ತಿಂದ. ಈಗ 150. ಹತ್ತು ರೂಪಾಯಿ ಲಾಭ. ಒಬ್ಬ ರಮೇಶನಿಂದ ಆದ ನಷ್ಟ ತುಂಬೋಕೆ ಆರು ಜನ ಸುರೇಶರು ಬೇಕು! ಈ ಹೋಟೆಲಿಗೆ ಕಾಲೇ ಇಡದಿದ್ದ ಗಿರೀಶ ಹೊಸದಾಗಿ ಬಂದು ಆರು ತಿಂದರೆ ಮಾತ್ರ ಪೂರ್ತಿ 150 ಹೊಸ ದುಡ್ಡು.

ಅದಕ್ಕೇ ವ್ಯಾಪಾರದ ಕಣ್ಣಿನಿಂದ ನೋಡಿದರೆ ಬಹುಮಾನ ಅಂದ್ರೆ ಥ್ಯಾಂಕ್ಸ್ ಹೇಳೋದಲ್ಲ, ನಡವಳಿಕೆ ಬದಲಿಸೋದು. ಯಾರು ರಮೇಶ, ಯಾರು ಸುರೇಶ ಅಂತ ತಿಳಿಯದೆ ಎಲ್ಲರಿಗೂ ಒಂದೇ ಬೋರ್ಡ್ ಹಾಕಿದರೆ ದುಡ್ಡು ಸೋರುತ್ತೆ. ತಿಳಿಯಬೇಕಾದರೆ ಪ್ರತಿಯೊಬ್ಬರ ಓಡಾಟ ಗೊತ್ತಿರಬೇಕು. ಕಂಪನಿಗಳಿಗೆ ನಮ್ಮ ಲೊಕೇಶನ್ ಮೇಲೆ ಯಾಕಿಷ್ಟು ಪ್ರೀತಿ ಅನ್ನೋದಕ್ಕೆ ಅರ್ಧ ಉತ್ತರ ಈ 60 ರೂಪಾಯಿಯಲ್ಲೇ ಇದೆ. (ಹಾಗಂತ ರಮೇಶನಿಗೆ ಏನೂ ಕೊಡಬಾರದು ಅಂತಲ್ಲ. ಅವನು ಬೇಜಾರಾಗಿ ಪಕ್ಕದ ಹೋಟೆಲಿಗೆ ಹೋದರೆ 210 ಪೂರ್ತಿ ಹೋಯ್ತು.)

ನಿಜವಾಗ್ಲೂ ಅಲ್ಲಿದ್ದೀರಾ?

ಬಹುಮಾನ ಬಂತು ಅಂದ್ರೆ ಕಳ್ಳಾಟವೂ ಬಂತು. ಹಾಸ್ಟೆಲ್ ಮಂಚದ ಮೇಲೆ ಮಲಗಿಕೊಂಡೇ ಪಿಜ್ಜಾ ಅಂಗಡಿಯ ಮೇಯರ್ ಆಗೋದು ಶುರುವಿನಲ್ಲಿ ಸುಲಭವಿತ್ತು, ಯಾಕಂದ್ರೆ ಆಪ್ ನಿಮ್ಮ ಮಾತನ್ನೇ ನಂಬುತ್ತಿತ್ತು. 2010ರಲ್ಲಿ ಫೋರ್‌ಸ್ಕ್ವೇರ್ ಫೋನಿನ ಜಿಪಿಎಸ್ ಜೊತೆ ತಾಳೆ ನೋಡೋಕೆ ಶುರುಮಾಡಿತು. ದೂರದಲ್ಲಿದ್ದರೆ ಚೆಕ್-ಇನ್ ದಾಖಲಾಗುತ್ತೆ, ಅಂಕವೂ ಇಲ್ಲ, ಮೇಯರ್ ಪಟ್ಟವೂ ಇಲ್ಲ.

ಕೇಳೋಕೆ ಸರಳ. ಫೋನಿನ ಅಕ್ಷಾಂಶ ರೇಖಾಂಶ, ಅಂಗಡಿಯ ಅಕ್ಷಾಂಶ ರೇಖಾಂಶ, ಎರಡರ ನಡುವಿನ ದೂರ. ಭೂಮಿ ಗುಂಡಗಿರೋದರಿಂದ ಹ್ಯಾವರ್ಸೈನ್ ಸೂತ್ರ ಹಾಕಿದರೆ ನಾಲ್ಕು ಸಾಲಿನ ಕೋಡ್. ಕಷ್ಟ ಇರೋದು ಮೊದಲ ಸಂಖ್ಯೆಯಲ್ಲಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕರಿಂದ ಸಿಗ್ನಲ್ ಬಂದರೆ ಫೋನು ತನ್ನ ಜಾಗವನ್ನೂ ಗಡಿಯಾರದ ತಪ್ಪನ್ನೂ ಕಂಡುಹಿಡಿಯುತ್ತೆ. ಸಮಯದಲ್ಲಿ ಒಂದು ಮೈಕ್ರೋಸೆಕೆಂಡ್ ಎಡವಿದರೆ ದೂರದಲ್ಲಿ 300 ಮೀಟರ್ ಎಡವಟ್ಟು. ಬಯಲಿನಲ್ಲಿ ಐದಾರು ಮೀಟರಿನೊಳಗೆ ಹೇಳೋ ಫೋನು, ಎತ್ತರದ ಕಟ್ಟಡಗಳ ಸಂದಿಯಲ್ಲಿ ಸಿಗ್ನಲ್ ಗೋಡೆಗೆ ಬಡಿದು ಬಂದಾಗ ರಸ್ತೆಯ ಆ ಬದಿಗೆ ನಿಮ್ಮನ್ನು ಕೂರಿಸುತ್ತೆ. ಮಾಲ್ ಒಳಗಂತೂ ಮೂರನೇ ಮಹಡಿಯ ಬಟ್ಟೆ ಅಂಗಡಿಗೂ ನೆಲಮಹಡಿಯ ಐಸ್‌ಕ್ರೀಮ್ ಅಂಗಡಿಗೂ ಅಕ್ಷಾಂಶ ರೇಖಾಂಶ ಒಂದೇ! ಅಲ್ಲಿ ವೈ-ಫೈ ಕೈಹಿಡಿಯುತ್ತೆ: ಸುತ್ತ ಯಾವ ಯಾವ ರೌಟರ್ ಎಷ್ಟು ಜೋರಾಗಿ ಕೇಳಿಸ್ತಿದೆ ಅನ್ನೋದೇ ಜಾಗದ ಬೆರಳಚ್ಚು. ಇಷ್ಟಾದ ಮೇಲೂ ಆಂಡ್ರಾಯ್ಡ್ ಡೆವಲಪರ್ ಆಯ್ಕೆಗಳಲ್ಲಿ ಸುಳ್ಳು ಲೊಕೇಶನ್ ಕೊಡೋಕೆ ಅವಕಾಶ ಇದ್ದೇ ಇದೆ, ನಮ್ಮಲ್ಲಿ ಹಲವರಿಗೆ ಅದು ಯಾಕೆ ಗೊತ್ತು ಅಂತ ಕೇಳಬೇಡಿ.

ಈ ಸಮಸ್ಯೆಗೆ ತಂತ್ರಜ್ಞಾನಕ್ಕಿಂತ ಜಾಣ ಉತ್ತರ ಕೊಟ್ಟದ್ದು ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಕಂಪನಿ. 2011ರ ಮಾರ್ಚಿನಲ್ಲಿ, ಅದೇ ಆಸ್ಟಿನ್ ಉತ್ಸವದಲ್ಲಿ, ಫೋರ್‌ಸ್ಕ್ವೇರ್ ಖಾತೆಯನ್ನು ಕಾರ್ಡಿಗೆ ಜೋಡಿಸಿಕೊಂಡವರಿಗೆ ಒಂದು ಆಫರ್: ಚೆಕ್-ಇನ್ ಮಾಡಿ ಐದು ಡಾಲರ್ ಖರ್ಚು ಮಾಡಿದರೆ ಐದು ಡಾಲರ್ ವಾಪಸ್. ಕಾರ್ಡ್ ಉಜ್ಜಿದ್ದೇ ನೀವು ಅಲ್ಲಿದ್ದಿರಿ ಅನ್ನೋದಕ್ಕೆ ಸಾಕ್ಷಿ. ಬರೀ ಇದ್ದಿರಿ ಅಂತಲ್ಲ, ಖರ್ಚೂ ಮಾಡಿದಿರಿ ಅಂತ. ಇನ್ನೊಂದು ತಲೆನೋವೂ ಇದರಿಂದ ತಪ್ಪಿತು. ಅದುವರೆಗೆ ಗಿರಾಕಿ ಫೋನ್ ತೋರಿಸಿ "ನಂಗೆ ಆಫರ್ ಇದೆ" ಅಂದರೆ ಕೌಂಟರಿನವರು "ಯಾವ ಆಫರ್?" ಅಂತ ಮುಖ ನೋಡೋದು, ಹಿಂದೆ ಕ್ಯೂನಲ್ಲಿ ನಿಂತವರು ಗೊಣಗೋದು ಮಾಮೂಲಿಯಾಗಿತ್ತು. ಈಗ ಕೌಂಟರಿನವರಿಗೆ ಏನೂ ಗೊತ್ತಿರಬೇಕಿಲ್ಲ, ರಿಯಾಯಿತಿ ನೇರ ಕಾರ್ಡಿನ ಬಿಲ್ಲಿನಲ್ಲಿ ಬರುತ್ತೆ.

ಈ ಗದ್ದಲದ ನಡುವೆ ಪೈಪೋಟಿಯೂ ಬಂತು ಹೋಯ್ತು. ಆಸ್ಟಿನ್ನಿನದೇ ಗೋವಾಲಾ ಆಪನ್ನು ಫೇಸ್‌ಬುಕ್ 2011ರ ಕೊನೆಯಲ್ಲಿ ತನ್ನೊಳಗೆ ತಗೊಂಡಿತು, ಕೆಲವೇ ತಿಂಗಳಲ್ಲಿ ಆಪ್ ಬಂದಾಯಿತು. ಫೇಸ್‌ಬುಕ್ 2010ರ ಆಗಸ್ಟಿನಲ್ಲಿ ತನ್ನದೇ 'ಪ್ಲೇಸಸ್' ತಂದಿತ್ತು. ಅದೇ ವರ್ಷ ನವೆಂಬರಿನಲ್ಲಿ ಗ್ಯಾಪ್ ಬಟ್ಟೆ ಕಂಪನಿ ಅದರ ಮೂಲಕ ಚೆಕ್-ಇನ್ ಮಾಡಿದ ಮೊದಲ ಹತ್ತು ಸಾವಿರ ಜನಕ್ಕೆ ಜೀನ್ಸ್ ಪ್ಯಾಂಟ್ ಉಚಿತ ಅಂದಿತು. ಜನ ಮುಗಿಬಿದ್ದರು. ಪ್ಯಾಂಟ್ ಖಾಲಿಯಾದ ಮೇಲೆ ಚೆಕ್-ಇನ್ ಮಾಡೋಕೆ ಕಾರಣವೂ ಖಾಲಿ.

ಗುಂಡಿ ಮಾಯವಾದದ್ದು

ಚೆಕ್-ಇನ್ನಿನ ಇನ್ನೊಂದು ಮುಖ ಬೇಗನೇ ಕಾಣಿಸಿತು. 2010ರ ಫೆಬ್ರವರಿಯಲ್ಲೇ ನೆದರ್‌ಲ್ಯಾಂಡ್ಸಿನ ಮೂವರು 'ಪ್ಲೀಸ್ ರಾಬ್ ಮಿ', ಅಂದ್ರೆ 'ದಯವಿಟ್ಟು ನನ್ನ ಮನೆ ದೋಚಿ' ಅನ್ನೋ ಹೆಸರಿನ ವೆಬ್‌ಸೈಟ್ ಮಾಡಿದ್ದರು. ಜನ ಟ್ವಿಟರಿನಲ್ಲಿ ಬಹಿರಂಗವಾಗಿ ಹಾಕುತ್ತಿದ್ದ ಚೆಕ್-ಇನ್‌ಗಳನ್ನೇ ಎತ್ತಿ ಸಾಲಾಗಿ ತೋರಿಸೋದು ಅದರ ಕೆಲಸ. ಕಾಫಿ ಅಂಗಡಿಯಲ್ಲಿದ್ದೀನಿ ಅಂದರೆ ಮನೆಯಲ್ಲಿಲ್ಲ ಅಂತಲೂ ಹೇಳಿದಂತಾಯ್ತಲ್ಲ! ಎರಡು ವರ್ಷದ ನಂತರ, 2012ರಲ್ಲಿ, 'ಗರ್ಲ್ಸ್ ಅರೌಂಡ್ ಮಿ' ಅನ್ನೋ ಆಪ್ ಫೋರ್‌ಸ್ಕ್ವೇರಿನ ಚೆಕ್-ಇನ್‌ಗಳನ್ನೂ ಫೇಸ್‌ಬುಕ್ಕಿನ ವಿವರಗಳನ್ನೂ ಜೋಡಿಸಿ, ಸುತ್ತಮುತ್ತ ಯಾವ ಹುಡುಗಿಯರು ಎಲ್ಲಿದ್ದಾರೆ ಅಂತ ಮ್ಯಾಪಿನ ಮೇಲೆ ತೋರಿಸಿತು. ಆ ಹುಡುಗಿಯರಿಗೆ ಇದು ಗೊತ್ತೇ ಇರಲಿಲ್ಲ. ವಿಷಯ ಬಯಲಾದ ಕೂಡಲೇ ಫೋರ್‌ಸ್ಕ್ವೇರ್ ಆ ಆಪಿಗೆ ಮಾಹಿತಿ ಕೊಡೋದನ್ನ ನಿಲ್ಲಿಸಿತು. ಗಮನಿಸಿ, ಇಲ್ಲಿ ಏನನ್ನೂ ಹ್ಯಾಕ್ ಮಾಡಿರಲಿಲ್ಲ. ಎರಡು ಕಡೆ ಬಿಡಿಬಿಡಿಯಾಗಿ ನಿರುಪದ್ರವಿಯಾಗಿದ್ದ ಮಾಹಿತಿ ಒಂದು ಕಡೆ ಸೇರಿದಾಗ ಭಯಂಕರವಾಯ್ತು, ಅಷ್ಟೇ.

ಇದರ ಜೊತೆಗೆ ಜನಕ್ಕೆ ಗುಂಡಿ ಒತ್ತಿ ಒತ್ತಿ ಬೇಜಾರೂ ಬಂದಿತ್ತು. 2014ರಲ್ಲಿ ಕಂಪನಿ ಆಪನ್ನು ಎರಡು ಮಾಡಿತು. ಚೆಕ್-ಇನ್ ಎಲ್ಲ ಸ್ವಾರ್ಮ್ ಅನ್ನೋ ಹೊಸ ಆಪಿಗೆ, ಹತ್ತಿರದ ಒಳ್ಳೆ ಜಾಗ ಹುಡುಕಿಕೊಡೋ ಕೆಲಸ ಹಳೇ ಆಪಿಗೆ. ಮೇಲ್ನೋಟಕ್ಕೆ ಚೆಕ್-ಇನ್ ಸೋತಿತು ಅನಿಸುತ್ತೆ. ಆದರೆ ಅಸಲಿ ಕಥೆ ಶುರುವಾಗೋದೇ ಇಲ್ಲಿ.

ಮಷೀನ್ ಲರ್ನಿಂಗ್ ಪಾಠದಲ್ಲಿ ಲೇಬಲ್ ಇರೋ ಡೇಟಾ ಎಷ್ಟು ದುಬಾರಿ ಅಂತ ಓದಿರ್ತೀರಿ. ಈಗ ಚೆಕ್-ಇನ್ ಮಾಡೋವಾಗ ಏನಾಗುತ್ತೆ ನೋಡಿ. ಫೋನು ಕಳಿಸೋದು ಅಂದಾಜು ಜಿಪಿಎಸ್, ಸುತ್ತಲಿನ ವೈ-ಫೈ, ಸಮಯ. ಆಪ್ ಹತ್ತಿರದ ಅಂಗಡಿಗಳ ಪಟ್ಟಿ ತೋರಿಸುತ್ತೆ. ನೀವು ಅದರಲ್ಲಿ ಸರಿಯಾದ್ದನ್ನು ಒತ್ತುತ್ತೀರಿ. ಅಂದ್ರೆ ಪ್ರಶ್ನೆ ಫೋನಿನದು, ಸರಿಯುತ್ತರ ನಿಮ್ಮದು. "ಇಂಥ ಗಜಿಬಿಜಿ ಸಿಗ್ನಲ್ ಬಂದರೆ ಅದು ಇಂಥ ಅಂಗಡಿ" ಅನ್ನೋ ಪಾಠವನ್ನು ಜನ ನೂರಾರು ಕೋಟಿ ಸಲ ಹೇಳಿಕೊಟ್ಟರು. ಸಂಬಳ? ಒಂದು ಬ್ಯಾಡ್ಜು, ಒಂದು ಕಿರೀಟ, ಅಪರೂಪಕ್ಕೆ ಒಂದು ಡಾಲರ್ ರಿಯಾಯಿತಿ. ಇಷ್ಟು ಪಾಠ ಕಲಿತ ಮೇಲೆ ಯಂತ್ರಕ್ಕೆ ಗುಂಡಿ ಬೇಕಾಗಲಿಲ್ಲ. ಫೋನು ಜೇಬಿನಲ್ಲೇ ಇದ್ದು ಒಂದು ಕಡೆ ಸ್ವಲ್ಪ ಹೊತ್ತು ನಿಂತರೆ ಸಾಕು, ಯಾವ ಅಂಗಡಿ ಅಂತ ತಾನೇ ಊಹಿಸುತ್ತೆ. ಬೆಳಿಗ್ಗೆ ಎಂಟಕ್ಕೆ ಬಾರ್ ಮತ್ತು ಕಾಫಿ ಅಂಗಡಿ ಅಕ್ಕಪಕ್ಕ ಇದ್ದರೆ ಕಾಫಿ ಅಂಗಡಿಯೇ ಇರಬೇಕು ಅನ್ನೋವಷ್ಟು ಲೋಕಜ್ಞಾನವೂ ಬಂದಿತ್ತು.

ಈ ಊಹೆ ಎಷ್ಟು ನಿಖರ ಅನ್ನೋದಕ್ಕೆ 2016ರ ಒಂದು ಘಟನೆ ಸಾಕು. ಚಿಪೋಟ್ಲೆ ಅಂತ ಅಮೆರಿಕದ ದೊಡ್ಡ ಹೋಟೆಲ್ ಸರಪಳಿ. 2015ರಲ್ಲಿ ಅದರ ಊಟದಿಂದ ಇ-ಕೋಲೈ ಸೋಂಕು ಹರಡಿ ಜನ ಹೋಗೋದು ಕಡಿಮೆ ಮಾಡಿದ್ದರು. 2016ರ ಏಪ್ರಿಲಿನಲ್ಲಿ, ಕಂಪನಿ ತನ್ನ ಲೆಕ್ಕ ಪ್ರಕಟಿಸೋ ಮೊದಲೇ, ಫೋರ್‌ಸ್ಕ್ವೇರಿನ ಆಗಿನ ಮುಖ್ಯಸ್ಥ ಜೆಫ್ ಗ್ಲೂಕ್ ಬರೀ ಜನರ ಓಡಾಟ ನೋಡಿ, ಮೊದಲ ಮೂರು ತಿಂಗಳ ಮಾರಾಟ ಹೆಚ್ಚುಕಮ್ಮಿ ಶೇ. 30 ಬೀಳುತ್ತೆ ಅಂತ ಬರೆದರು. ಆಮೇಲೆ ಚಿಪೋಟ್ಲೆ ತನ್ನ ಹಳೆಯ ಅಂಗಡಿಗಳ ಮಾರಾಟ ಬಿದ್ದದ್ದು ಶೇ. 29.7 ಅಂತ ಪ್ರಕಟಿಸಿತು. ಕಾಫಿ ರಿಯಾಯಿತಿಯ ಆಟಿಕೆ ಷೇರುಪೇಟೆಯವರು ಕಿವಿ ನಿಮಿರಿಸಿ ಕೇಳೋ ಸಾಧನವಾಗಿತ್ತು. ಇವತ್ತು ಆ ಕಂಪನಿಯ ಮುಖ್ಯ ವ್ಯಾಪಾರ ಈ ಜಾಗದ ಮಾಹಿತಿಯದ್ದೇ. ಜಾಗ ಹುಡುಕಿಕೊಡ್ತಿದ್ದ ಹಳೇ ಆಪನ್ನು 2024ರ ಡಿಸೆಂಬರಿನಲ್ಲಿ ಮುಚ್ಚಿದರು, ಸ್ವಾರ್ಮ್ ಉಳಿದಿದೆ.

ಬಹುಮಾನದ ಆಟವೂ ನಿಲ್ಲಲಿಲ್ಲ, ಗುಂಡಿಯ ಬದಲು ಬೇಲಿ ಬಂತು. 2018ರ ಡಿಸೆಂಬರಿನಲ್ಲಿ ಬರ್ಗರ್ ಕಿಂಗ್ ಅಮೆರಿಕದಲ್ಲಿ ಮಾಡಿದ ತಮಾಷೆ ಇದಕ್ಕೆ ಒಳ್ಳೇ ಉದಾಹರಣೆ. ಅವರ ಆಪ್ ಹಾಕಿಕೊಂಡು ಎದುರಾಳಿ ಮೆಕ್‌ಡೊನಾಲ್ಡ್ಸ್ ಅಂಗಡಿಯಿಂದ 600 ಅಡಿಯೊಳಗೆ ಹೋದರೆ, ಬರ್ಗರ್ ಕಿಂಗಿನ ವಾಪರ್ ಒಂದು ಸೆಂಟಿಗೆ ಸಿಗುತ್ತೆ. ಆರ್ಡರ್ ಮಾಡಿದ ಮೇಲೆ ಆಪ್ ಹತ್ತಿರದ ಬರ್ಗರ್ ಕಿಂಗಿಗೆ ದಾರಿ ತೋರಿಸುತ್ತೆ. ಎದುರಾಳಿಯ ಬಾಗಿಲಿಂದಲೇ ಗಿರಾಕಿಯನ್ನು ಎತ್ತಿಕೊಂಡು ಹೋದ ಹಾಗೆ! ಜಿಯೋಫೆನ್ಸ್ ಅಂತಾರೆ ಇದಕ್ಕೆ. 600 ಅಡಿ ಅಂದ್ರೆ ಸುಮಾರು 180 ಮೀಟರ್. ಇಂಥ ಬೇಲಿಯ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಅಂತ ಆಂಡ್ರಾಯ್ಡ್ ಕೈಪಿಡಿಯೇ ಹೇಳುತ್ತೆ, ಫೋನಿನ ಅಂದಾಜು ಅದಕ್ಕಿಂತ ಚಿಕ್ಕದನ್ನು ನಂಬೋವಷ್ಟು ಗಟ್ಟಿಯಲ್ಲ. ಒಂದು ಸೆಂಟಿನ ಬರ್ಗರಿನಲ್ಲಿ ನಷ್ಟವೇ, ಆದರೆ ಕಂಪನಿಗೆ ಬೇಕಿದ್ದದ್ದು ನಿಮ್ಮ ಫೋನಿನಲ್ಲಿ ಆಪ್ ಕೂರೋದು, ಲೊಕೇಶನ್ ಅನುಮತಿ ಸಿಗೋದು.

ನಾಲ್ಕು ಚುಕ್ಕೆ

"ನನ್ನ ಲೊಕೇಶನ್ ತಗೊಂಡು ಏನು ಮಾಡ್ತಾರೆ, ಹೆಸರಂತೂ ಇರಲ್ಲವಲ್ಲ" ಅಂತ ನಮ್ಮಲ್ಲಿ ಬಹಳ ಜನ ಅಂದುಕೊಳ್ತೀವಿ. 2013ರಲ್ಲಿ ಈವ್-ಅಲೆಕ್ಸಾಂಡರ್ ದ ಮಾಂಟ್‌ಜೋಯ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಹದಿನೈದು ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ದಾಖಲೆ, ಹೆಸರು ತೆಗೆದದ್ದು. ಜಾಗ ಗೊತ್ತಿದ್ದದ್ದು ಟವರ್ ಮಟ್ಟಕ್ಕೆ, ಸಮಯ ಗಂಟೆಯ ಮಟ್ಟಕ್ಕೆ ಮಾತ್ರ. ಇಂಥ ನಾಲ್ಕೇ ನಾಲ್ಕು ಚುಕ್ಕೆ ಗೊತ್ತಿದ್ದರೆ ಶೇ. 95 ಜನರನ್ನು ಉಳಿದವರೆಲ್ಲರಿಂದ ಬೇರೆಯಾಗಿ ಗುರುತಿಸಬಹುದು ಅಂತ ಕಂಡುಬಂತು. ನಿಮಗೇ ಅನ್ವಯಿಸಿ ನೋಡಿ. ರಾತ್ರಿ ಹನ್ನೊಂದಕ್ಕೆ ನಿಮ್ಮ ಹಾಸ್ಟೆಲ್, ಮಂಗಳವಾರ ಸಂಜೆ ನಿಮ್ಮ ಜಿಮ್, ಹಬ್ಬದ ದಿನ ನಿಮ್ಮ ಊರು, ಭಾನುವಾರ ನಿಮ್ಮ ಅತ್ತೆ ಮನೆ. ಈ ನಾಲ್ಕೂ ಕಡೆ ಅದೇ ಹೊತ್ತಿಗೆ ಇದ್ದವರು ಇನ್ಯಾರಿದ್ದಾರೆ?

ಒಬ್ಬೊಬ್ಬರದು ಬಿಟ್ಟು ಗುಂಪಿನ ಚಿತ್ರ ಮಾತ್ರ ತೋರಿಸಿದರೂ ಎಡವಟ್ಟಾಗಬಹುದು. ಓಡೋವರ ಆಪ್ ಸ್ಟ್ರಾವಾ 2017ರ ಕೊನೆಯಲ್ಲಿ ಪ್ರಪಂಚದಲ್ಲಿ ಎಲ್ಲೆಲ್ಲಿ ಜನ ಹೆಚ್ಚು ಓಡ್ತಾರೆ ಅಂತ ಹೊಳೆಯೋ ನಕ್ಷೆ ಪ್ರಕಟಿಸಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ನೋಡಿದರೆ, ಸಿರಿಯಾ, ಅಫ್ಘಾನಿಸ್ತಾನದ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಚೌಕ ಹೊಳೀತಿದೆ. ಸೈನಿಕರು ತಮ್ಮ ನೆಲೆಯ ಬೇಲಿಯುದ್ದಕ್ಕೂ ಬೆಳಗಿನ ಓಟ ಓಡಿದ ಗುರುತು ಅದು.

ಫೋನ್ ಕಂಪನಿಗಳು ಆಮೇಲೆ ಸ್ವಲ್ಪ ಬಿಗಿ ಮಾಡಿದವು. 2019ರ ಆಂಡ್ರಾಯ್ಡ್ 10ರಿಂದ "ಆಪ್ ಬಳಸುವಾಗ ಮಾತ್ರ" ಅಂತ ಅನುಮತಿ ಕೊಡಬಹುದು. 2020ರಲ್ಲಿ ಐಫೋನಿಗೂ 2021ರಲ್ಲಿ ಆಂಡ್ರಾಯ್ಡಿಗೂ ನಿಖರ ಜಾಗದ ಬದಲು ಅಂದಾಜು ಜಾಗ ಕೊಡೋ ಆಯ್ಕೆ ಬಂತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಅನ್ನೋದು ನಿರ್ದಿಷ್ಟ ಉದ್ದೇಶಕ್ಕೆ, ಅದಕ್ಕೆ ಬೇಕಾದಷ್ಟೇ ಮಾಹಿತಿಗೆ ಅನ್ನುತ್ತೆ. ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋಕೂ ಆಗಬೇಕು ಅನ್ನುತ್ತೆ. ದೋಸೆ ಕೂಪನ್ ಕೊಡೋ ಆಪಿಗೆ ರಾತ್ರಿ ಎರಡು ಗಂಟೆಗೆ ನೀವು ಎಲ್ಲಿ ಮಲಗಿದ್ದೀರಿ ಅಂತ ಗೊತ್ತಿರಬೇಕಾ ಅನ್ನೋ ಪ್ರಶ್ನೆಯನ್ನು ಈ ಅಳತೆಗೆ ಹಿಡಿದು ನೋಡಿ.

ಹಾಗಾದ್ರೆ ಫೆಸ್ಟಿನ ಸ್ಟಾಲಿಗೋ ಗೇಟಿನ ಎದುರಿನ ಹೋಟೆಲಿಗೋ ನಮ್ಮಲ್ಲೇ ಯಾರಾದರೂ ಇಂಥದ್ದೊಂದು ಕಟ್ಟಬೇಕಾದರೆ? ಲೊಕೇಶನ್ ಕೇಳಲೇಬೇಡಿ ಅಂತೀವಿ ನಾವು. ಗಿರಾಕಿ ಹೋಟೆಲಿಗೆ ಬಂದಿದ್ದಾನೆ ಅನ್ನೋದಕ್ಕೆ ಗಲ್ಲಾದ ಹತ್ತಿರ ಇಟ್ಟ ಕ್ಯೂಆರ್ ಕೋಡೇ ಸಾಕ್ಷಿ. ಯಾರೋ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ ಅನ್ನೋ ಭಯ ಇದ್ದರೆ, ಕಾಗದಕ್ಕೆ ಅಂಟಿಸೋ ಬದಲು ಒಂದು ಹಳೇ ಫೋನಿನ ಸ್ಕ್ರೀನಿನಲ್ಲಿ ಪ್ರತಿ ಅರ್ಧ ನಿಮಿಷಕ್ಕೆ ಬದಲಾಗೋ ಹಾಗೆ ತೋರಿಸಿ. ಸರ್ವರಿನಲ್ಲಿ ಹೆಸರು ಬೇಡ, ಮೊಬೈಲ್ ನಂಬರ್ ಬೇಡ. ಮೊದಲ ಸಲ ಸ್ಕ್ಯಾನ್ ಮಾಡಿದಾಗ ಫೋನಿಗೆ ಒಂದು ಯಾದೃಚ್ಛಿಕ ಸಂಖ್ಯೆ ಕೊಡಿ, ಅದರ ಮುಂದೆ ಬಂದ ತಾರೀಖು ಮಾತ್ರ ಬರೆಯಿರಿ. ರಮೇಶ ಸುರೇಶರ ವ್ಯತ್ಯಾಸ ತಿಳಿಯೋಕೆ ಅಷ್ಟು ಸಾಕು. 60 ದಿನ ಕಳೆದದ್ದನ್ನು ಅಳಿಸಿಬಿಡಿ, ಮೇಯರ್ ಲೆಕ್ಕಕ್ಕೇ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಬಹುಮಾನ ಮಧ್ಯಾಹ್ನ ಮೂರರಿಂದ ಐದರ ಖಾಲಿ ಹೊತ್ತಿಗೆ ಇಟ್ಟರೆ ಮಾಲೀಕರಿಗೂ ಹೊರೆಯಾಗಲ್ಲ. ಆಮೇಲೆ ಮುಖ್ಯವಾಗಿ, ಶುರುಮಾಡೋ ಹಿಂದಿನ ದಿನ ಗಲ್ಲಾದ ಅಣ್ಣನಿಗೆ ಫೋನ್ ತೋರಿಸಿ, ಯಾವ ಬಣ್ಣದ ಸ್ಕ್ರೀನ್ ಬಂದರೆ ದೋಸೆ ಕೊಡಬೇಕು ಅಂತ ಹೇಳಿ ಬನ್ನಿ.